ಜೈಲಿನ ಹೆಣ್ಣಿಗೆ 40ಕ್ಕೆ ಎಷ್ಟು ಮಾರ್ಕ್ಸ್?

ಗಂಡನ ಕೊಲೆ ಆರೋಪ ಹೊತ್ತ ಹೆಂಗಸೊಬ್ಬಳು ಪೊಲೀಸ್ ಜೀಪಿನಿಂದ ಇಳಿಯುವಾಗ ಕ್ಯಾಮೆರಾ ಮುಂದೆ ಅಳಲಿಲ್ಲ ಅಂದ್ಕೊಳ್ಳಿ. ಸಂಜೆ ಏಳರ ಹೊತ್ತಿಗೆ ನಮ್ಮ ಚಾನೆಲ್‌ಗಳಲ್ಲಿ ಡಯಾಗ್ನೋಸಿಸ್ ರೆಡಿ ಇರುತ್ತೆ: 'ಸೈಕೋ ಹೆಂಡ್ತಿ'. ಕೆಂಪು ಅಕ್ಷರದ ಟಿಕ್ಕರ್, ಎದೆ ನಡುಗಿಸುವ ಮ್ಯೂಸಿಕ್ಕು, ಪ್ಯಾನೆಲ್‌ನಲ್ಲಿ ಒಬ್ಬರು ನಿವೃತ್ತ ಪೊಲೀಸ್ ಅಧಿಕಾರಿ, ಪಕ್ಕದಲ್ಲೇ ಒಬ್ಬರು ಜ್ಯೋತಿಷಿ. 2025ರಲ್ಲಿ ಮೇಘಾಲಯದ ಹನಿಮೂನ್ ಕೊಲೆ ಪ್ರಕರಣ ಬಂದಾಗಲೂ ಆದದ್ದು ಇದೇ. ಚಾರ್ಜ್‌ಶೀಟ್ ಬರೋಕೆ ಮುಂಚೆಯೇ ಆರೋಪಿಯ ಮನಸ್ಸಿನೊಳಗೆ ಏನಿದೆ ಅಂತ ಎಲ್ಲರಿಗೂ ಗೊತ್ತಾಗಿಬಿಟ್ಟಿತ್ತು.

ಟಿವಿಯವರನ್ನು ಬೈಯುವುದು ಸುಲಭ, ಬೈದು ಬೈದು ನಮಗೂ ಸಾಕಾಗಿದೆ. ನನ್ನ ತಲೆ ಕೊರೆಯುತ್ತಿರುವುದು ಬೇರೆ. ಇದೇ ಕೆಲಸವನ್ನು ಒಬ್ಬ ತಜ್ಞ ಮೂರು ತಾಸು ಕೂತು, ಫಾರಂ ತುಂಬಿ, ಅಂಕ ಕೂಡಿಸಿ, ಸಹಿ ಹಾಕಿ ಕೊಟ್ಟರೆ ನಾವು ಪ್ರಶ್ನೆ ಕೇಳ್ತೀವಾ? ಇಂಗ್ಲೆಂಡ್, ಕೆನಡಾ, ಅಮೆರಿಕದ ಜೈಲು ಮತ್ತು ಹೈ-ಸೆಕ್ಯೂರಿಟಿ ಆಸ್ಪತ್ರೆಗಳಲ್ಲಿ ಇದು ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ನಡೆಯುತ್ತಿದೆ. ನಮ್ಮ ಕೋರ್ಟುಗಳಿಗೂ ಇಂಥ ವರದಿಗಳು ಬರುವ ಬಾಗಿಲು 2022ರಲ್ಲಿ ತೆರೆದಿದೆ. ಅಲ್ಲಿಗೆ ಆಮೇಲೆ ಬರೋಣ. ಮೊದಲು ಆ ಫಾರಂ ಏನು ಅಂತ ನೋಡೋಣ.

ಅದರ ಹೆಸರು ಸೈಕೋಪತಿ ಚೆಕ್‌ಲಿಸ್ಟ್-ರಿವೈಸ್ಡ್, ಚಿಕ್ಕದಾಗಿ ಪಿಸಿಎಲ್-ಆರ್. ಮಾಡಿದವರು ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್. 1991ರಲ್ಲಿ ಪ್ರಕಟವಾಯಿತು, 2003ರಲ್ಲಿ ಎರಡನೇ ಆವೃತ್ತಿ ಬಂತು. ಒಟ್ಟು 20 ಲಕ್ಷಣಗಳು. ಕೈದಿಯ ಜೊತೆ ಸಂದರ್ಶನ ನಡೆಸಿ, ಅವರ ಹಳೇ ಫೈಲುಗಳನ್ನೆಲ್ಲ ಓದಿ, ಪ್ರತಿಯೊಂದಕ್ಕೂ 0, 1 ಅಥವಾ 2 ಅಂಕ ಕೊಡಬೇಕು. ಒಟ್ಟು 40. ಉತ್ತರ ಅಮೆರಿಕದಲ್ಲಿ 30 ದಾಟಿದರೆ ಸೈಕೋಪಾತ್. ಯುರೋಪಿನಲ್ಲಿ ಹಲವರು 25ಕ್ಕೇ ಗೆರೆ ಎಳೆಯುತ್ತಾರೆ. ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಅಟ್ಲಾಂಟಿಕ್ ದಾಟಿದ ಕೂಡಲೇ ಐದು ಅಂಕ ಜಾರುವ ಗೆರೆ ಇದು ಅನ್ನುವುದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ನಾನು ಓದಿದ್ದು ಎಂಜಿನಿಯರಿಂಗ್. ಲ್ಯಾಬಿನಲ್ಲಿ ಯಾವ ಮೀಟರ್ ಮುಟ್ಟಿದರೂ ಮೊದಲು ಕೇಳಬೇಕಾದ ಪ್ರಶ್ನೆ, ಇದನ್ನು ಯಾವುದರ ಮೇಲೆ ಕ್ಯಾಲಿಬ್ರೇಟ್ ಮಾಡಿದ್ದಾರೆ ಅನ್ನೋದು. ಪಿಸಿಎಲ್-ಆರ್‌ಗೂ ಅದೇ ಪ್ರಶ್ನೆ ಹಾಕಿದರೆ ಸಿಗುವ ಉತ್ತರ: ಮುಖ್ಯವಾಗಿ ಕೆನಡಾದ ಜೈಲುಗಳಲ್ಲಿದ್ದ ಗಂಡಸರ ಮೇಲೆ. ಅದಕ್ಕೂ ಹಿಂದೆ, ಸೈಕೋಪಾತ್ ಅನ್ನುವ ಆಧುನಿಕ ಚಿತ್ರವನ್ನು ಕಟ್ಟಿಕೊಟ್ಟದ್ದು ಅಮೆರಿಕದ ಹರ್ವಿ ಕ್ಲೆಕ್ಲಿ 1941ರಲ್ಲಿ ಬರೆದ 'ದಿ ಮಾಸ್ಕ್ ಆಫ್ ಸ್ಯಾನಿಟಿ'. ಅದರಲ್ಲಿ ಬರುವ ರೋಗಿಗಳಲ್ಲೂ ಹೆಚ್ಚಿನವರು ಗಂಡಸರೇ, ಹೆಂಗಸರು ಬೆರಳೆಣಿಕೆ.

ಈಗ ಆ 20ರಲ್ಲಿ ಕೆಲವು ಸಾಲು ತೆಗೆದು ಒಂದು ಹೆಣ್ಣಿನ ಬದುಕಿನ ಮೇಲೆ ಇಟ್ಟು ನೋಡಿ. 'ಇನ್ನೊಬ್ಬರ ದುಡಿಮೆಯ ಮೇಲೆ ಬದುಕುವುದು' ಅಂತ ಒಂದು ಸಾಲಿದೆ. ಗಂಡಸಿನ ವಿಷಯದಲ್ಲಿ ಇದರರ್ಥ ಸ್ಪಷ್ಟ: ಕೈಕಾಲು ಗಟ್ಟಿ ಇದ್ದೂ ಹೆಂಡತಿಯನ್ನೋ ಅಪ್ಪನನ್ನೋ ಹಿಂಡಿ ತಿನ್ನುವವನು. ಮನೆ ಬಿಟ್ಟು ಹೊರಗೆ ಕೆಲಸ ಮಾಡಲು ಬಿಡದ ಗಂಡನ ಜೊತೆ ಹತ್ತು ವರ್ಷ ಬದುಕಿದವಳಿಗೆ ಇಲ್ಲಿ ಎಷ್ಟು ಕೊಡುವುದು? 'ಅಲ್ಪಕಾಲದ ಹಲವು ದಾಂಪತ್ಯಗಳು' ಇನ್ನೊಂದು ಸಾಲು. ಹೊಡೆಯುವ ಗಂಡನನ್ನು ಬಿಟ್ಟು ಬಂದವಳು, ಎರಡನೆಯವನೂ ಹೊಡೆದಾಗ ಅವನನ್ನೂ ಬಿಟ್ಟವಳು ಎಲ್ಲಿ ಸೇರುತ್ತಾಳೆ? ಇನ್ನೊಂದಂತೂ ನೇರವಾಗಿಯೇ ಇದೆ: ಹಲವರೊಂದಿಗೆ ಲೈಂಗಿಕ ಸಂಬಂಧ. ಜೈಲಿಗೆ ಬರುವ ಹೆಂಗಸರಲ್ಲಿ ಹೊಟ್ಟೆಪಾಡಿಗೆ ಲೈಂಗಿಕ ವೃತ್ತಿಗಿಳಿದವರು ಇರುತ್ತಾರೆ. ಗಂಡಸಿನ ಬದುಕಿನಲ್ಲಿ ಚಟದ ಗುರುತಾಗಿ ಕಾಣುವುದು ಇವರ ಬದುಕಿನಲ್ಲಿ ಬಡತನದ ಗುರುತಾಗಿರಬಹುದು.

ತರಬೇತಿ ಪಡೆದವರು ಇಷ್ಟು ಮೊಂಡಾಗಿ ಅಂಕ ಕೊಡಲ್ಲ ಅಂತ ಯಾರಾದರೂ ಹೇಳಬಹುದು. ನಿಜ, ಇದಕ್ಕೊಂದು ದಪ್ಪ ಕೈಪಿಡಿ ಇದೆ, ಸಂದರ್ಭ ನೋಡಿ ಅಂಕ ಕೊಡಿ ಅಂತ ಕಲಿಸುತ್ತಾರೆ. ಆದರೆ ಆ 'ಸಂದರ್ಭ' ಬರುವುದು ಫೈಲಿನಿಂದ. ಫೈಲು ಬರೆದವರು ಯಾರು ಅನ್ನುವುದನ್ನು ಯಾವ ಕೈಪಿಡಿಯೂ ಬದಲಾಯಿಸಲಾರದು.

ಇಂಗ್ಲೆಂಡಿನ ಇತಿಹಾಸದಲ್ಲಿ ಒಂದು ವಿಚಿತ್ರ ತಿರುವಿದೆ. 1913ರ ಮೆಂಟಲ್ ಡೆಫಿಷಿಯನ್ಸಿ ಕಾಯ್ದೆಯಲ್ಲಿ 'ನೈತಿಕ ಮಂದಮತಿ' ಅನ್ನುವ ಒಂದು ವರ್ಗವೇ ಇತ್ತು. ಸರ್ಕಾರಿ ಬಡವರ ಪರಿಹಾರ ಪಡೆಯುತ್ತಿರುವಾಗ ಮದುವೆಯಾಗದೆ ಹೆತ್ತ ಹೆಣ್ಣನ್ನು, ಮಂದಮತಿ ಅಂತ ಪರಿಗಣಿತಳಾದರೆ, ಸಂಸ್ಥೆಗೆ ಸೇರಿಸಲು ಆ ಕಾಯ್ದೆ ದಾರಿ ಮಾಡಿಕೊಟ್ಟಿತ್ತು. ಹಾಗೆ ಒಳಗೆ ಹೋದವರಲ್ಲಿ ಕೆಲವರು ದಶಕಗಳ ಕಾಲ ಹೊರಗೆ ಬರಲಿಲ್ಲ. 1959ರ ಮೆಂಟಲ್ ಹೆಲ್ತ್ ಆಕ್ಟ್ ಇದನ್ನು ಕಿತ್ತುಹಾಕಿ 'ಸೈಕೋಪಥಿಕ್ ಡಿಸಾರ್ಡರ್' ಅನ್ನುವ ಹೊಸ ಕಾನೂನು ಪದ ತಂದಿತು. ತಂದಾಗ ಒಂದು ಎಚ್ಚರಿಕೆಯನ್ನೂ ಬರೆದಿಟ್ಟಿತು: ಲೈಂಗಿಕ ಸ್ವೇಚ್ಛೆ ಅಥವಾ ಅನೈತಿಕ ನಡತೆ ಅನ್ನುವುದಷ್ಟರಿಂದಲೇ ಯಾರನ್ನೂ ಮನೋರೋಗಿ ಅಂತ ಪರಿಗಣಿಸುವಂತಿಲ್ಲ. ಬಾಗಿಲಿನಿಂದ ಹೊರಗೆ ಕಳಿಸಿದ ಅದೇ ಅಂಶ ಮೂರು ದಶಕದ ನಂತರ ಕೆನಡಾದ ಚೆಕ್‌ಲಿಸ್ಟಿನ ಒಂದು ಸಾಲಾಗಿ ಕಿಟಕಿಯಿಂದ ಒಳಗೆ ಬಂತು. ಒಂದು ಸಾಲೇ ಇರಬಹುದು, ಎರಡೇ ಅಂಕ ಇರಬಹುದು. 29ಕ್ಕೂ 31ಕ್ಕೂ ನಡುವೆ ಇರುವುದೂ ಎರಡೇ ಅಂಕ.

ಸರಿ, ಜೈಲಿನಲ್ಲಿರುವ ಹೆಂಗಸರಲ್ಲಿ ಎಷ್ಟು ಮಂದಿ ಈ ಗೆರೆ ದಾಟುತ್ತಾರೆ? ಇಂಗ್ಲೆಂಡ್ ಮತ್ತು ವೇಲ್ಸ್ ಕೈದಿಗಳ ಬಗ್ಗೆ ಜೆರೆಮಿ ಕಾಯಿಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 496 ಕೈದಿಗಳನ್ನು ಅಳೆದಿದ್ದರು. 30ರ ಗೆರೆ ಇಟ್ಟರೆ ಗಂಡಸರಲ್ಲಿ ಶೇ. 7.7, ಹೆಂಗಸರಲ್ಲಿ ಶೇ. 1.9. ಅದರಲ್ಲಿ ಹೆಂಗಸರ ಸಂಖ್ಯೆ ಚಿಕ್ಕದು, ಹಾಗಾಗಿ ಆ 1.9ರ ಅಕ್ಕಪಕ್ಕ ಅನುಮಾನದ ಜಾಗ ದೊಡ್ಡದು. ಅಮೆರಿಕದ ಅಧ್ಯಯನಗಳು ಬೇರೆಯೇ ಹೇಳುತ್ತವೆ: 528 ಮಹಿಳಾ ಕೈದಿಗಳ ಒಂದರಲ್ಲಿ ಶೇ. 9, ನೂರು ಚಿಲ್ಲರೆ ಮಂದಿಯ ಇನ್ನೊಂದರಲ್ಲಿ ಶೇ. 15ರ ಆಸುಪಾಸು. ಒಂದೇ ಮೀಟರ್, ಒಂದೇ ಗೆರೆ, ಎರಡು ದೇಶದಲ್ಲಿ ಏಳೆಂಟು ಪಟ್ಟು ವ್ಯತ್ಯಾಸ. ಹೆಂಗಸರ ಸ್ವಭಾವ ಅಟ್ಲಾಂಟಿಕ್ ಆಚೆ ಅಷ್ಟು ಕೆಟ್ಟದ್ದಾ, ಅಥವಾ ಅಳೆಯುವವರ ಕಣ್ಣು ಬೇರೆಯಾ, ಅಥವಾ ಜೈಲಿಗೆ ಹಾಕುವ ರೀತಿಯೇ ಬೇರೆಯಾ? ಮೂರೂ ಸ್ವಲ್ಪ ಸ್ವಲ್ಪ ಇರಬಹುದು. ಬರೀ ಅಂಕ ನೋಡಿ ಹೇಳೋಕಾಗಲ್ಲ.

ಇಲ್ಲೊಂದು ಲೆಕ್ಕ ಮಾಡಿಬಿಡ್ತೀನಿ, ಬೇಜಾರಾದರೆ ಕ್ಷಮಿಸಿ. ಸಾವಿರ ಮಹಿಳಾ ಕೈದಿಗಳಲ್ಲಿ ನಿಜವಾಗಿ 20 ಮಂದಿ ಸೈಕೋಪಾತ್ ಅಂತ ಇಟ್ಟುಕೊಳ್ಳಿ. ನೂರಕ್ಕೆ ತೊಂಬತ್ತು ಸಲ ಸರಿ ಹೇಳುವ ಪರೀಕ್ಷೆ ನಮ್ಮ ಕೈಲಿದೆ ಅಂತಲೂ ಊಹಿಸಿಕೊಳ್ಳಿ. ಮನಸ್ಸನ್ನು ಅಳೆಯುವ ಸಾಧನಕ್ಕೆ ಇದು ತುಂಬಾ ಉದಾರವಾದ ಊಹೆ. ಅದು 18 ಮಂದಿಯನ್ನು ಹಿಡಿಯುತ್ತದೆ. ಉಳಿದ 980 ಮಂದಿಯಲ್ಲಿ 98 ಮಂದಿಯನ್ನು ತಪ್ಪಾಗಿ ಹಿಡಿಯುತ್ತದೆ. ಅಂದರೆ ಹಣೆಪಟ್ಟಿ ಬಿದ್ದ 116 ಹೆಂಗಸರಲ್ಲಿ ನಿಜವಾದವರು 18. ಗಂಡಸರಲ್ಲಿ ಸಾವಿರಕ್ಕೆ 80 ಅಂತ ಹಿಡಿದು ಇದೇ ಲೆಕ್ಕ ಮಾಡಿದರೆ 164ರಲ್ಲಿ 72 ಮಂದಿ ನಿಜ. ಪರೀಕ್ಷೆ ಬದಲಾಗಿಲ್ಲ, ಹುಡುಕುತ್ತಿರುವುದು ಅಪರೂಪವಾಯಿತು ಅಷ್ಟೇ. ಅಪರೂಪದ್ದನ್ನು ಹುಡುಕುವ ಯಂತ್ರ ಸಿಕ್ಕಿದವರನ್ನೆಲ್ಲ ಹಿಡಿಯುತ್ತೆ ಅನ್ನುವುದು ಆಸ್ಪತ್ರೆಯ ಸ್ಕ್ರೀನಿಂಗ್ ವಿಭಾಗದವರಿಗೆಲ್ಲ ಗೊತ್ತಿರುವ ವಿಷಯ. ಅಲ್ಲಿ ತಪ್ಪಾದರೆ ಇನ್ನೊಂದು ಟೆಸ್ಟ್ ಬರೆದುಕೊಡ್ತಾರೆ. ಜೈಲಿನಲ್ಲಿ ತಪ್ಪಾದರೆ?

ಆಗುವುದೇನು ಅಂತ ನೋಡಲು ಇಂಗ್ಲೆಂಡಿನ ಒಂದು ಯೋಜನೆ ಸಾಕು. 1996ರಲ್ಲಿ ಕೆಂಟ್ ಪ್ರಾಂತ್ಯದಲ್ಲಿ ಲಿನ್ ರಸೆಲ್ ಎಂಬ ತಾಯಿ ಮತ್ತು ಆಕೆಯ ಆರು ವರ್ಷದ ಮಗಳು ಮೇಗನ್ ಹತ್ಯೆಯಾದರು. ಶಿಕ್ಷೆಯಾದ ಮೈಕೆಲ್ ಸ್ಟೋನ್‌ಗೆ ತೀವ್ರ ವ್ಯಕ್ತಿತ್ವ ದೋಷ ಇತ್ತು, ಚಿಕಿತ್ಸೆಗೆ ಬಗ್ಗುವುದಿಲ್ಲ ಅನ್ನುವ ಕಾರಣಕ್ಕೆ ಆಸ್ಪತ್ರೆ ಅವನನ್ನು ಇಟ್ಟುಕೊಂಡಿರಲಿಲ್ಲ ಅನ್ನುವುದು ದೊಡ್ಡ ಗಲಾಟೆಯಾಯಿತು. (ಸ್ಟೋನ್ ಇವತ್ತಿಗೂ ತಾನು ಮಾಡಿಲ್ಲ ಅನ್ನುತ್ತಾನೆ, ಅದು ಬೇರೆ ಕಥೆ.) ಟೋನಿ ಬ್ಲೇರ್ ಸರ್ಕಾರ 'ಅಪಾಯಕಾರಿ ಮತ್ತು ತೀವ್ರ ವ್ಯಕ್ತಿತ್ವ ದೋಷ' ಅನ್ನುವ ಹೊಸ ವರ್ಗವನ್ನೇ ಹುಟ್ಟುಹಾಕಿತು. ಗಮನಿಸಿ, ಇದು ಯಾವ ವೈದ್ಯಕೀಯ ಪುಸ್ತಕದಲ್ಲೂ ಇಲ್ಲದ, ಸರ್ಕಾರವೇ ಮಾಡಿದ ಡಯಾಗ್ನೋಸಿಸ್. ವೈಟ್‌ಮೂರ್, ಫ್ರಾಂಕ್‌ಲ್ಯಾಂಡ್ ಜೈಲುಗಳಲ್ಲಿ, ಬ್ರಾಡ್‌ಮೂರ್, ರಾಂಪ್ಟನ್ ಆಸ್ಪತ್ರೆಗಳಲ್ಲಿ ಗಂಡಸರಿಗೆ ವಿಶೇಷ ಘಟಕಗಳು ಎದ್ದವು. ಒಳಗೆ ಸೇರಿಸುವ ಮಾನದಂಡದಲ್ಲಿ ಪಿಸಿಎಲ್-ಆರ್ ಅಂಕವೂ ಇತ್ತು. ಹೆಂಗಸರಿಗೆ ಡರಮ್ ಕೌಂಟಿಯ ಲೋ ನ್ಯೂಟನ್ ಜೈಲಿನಲ್ಲಿ 'ಪ್ರಿಮ್‌ರೋಸ್' ಅನ್ನುವ 12 ಜಾಗದ ಒಂದು ಘಟಕ.

ಒಂದು ಭಯಾನಕ ಕೊಲೆ, ಅದೂ ಒಬ್ಬ ಗಂಡಸಿನ ಮೇಲೆ ಆರೋಪವಿದ್ದದ್ದು. ಅದರಿಂದ ಹುಟ್ಟಿದ ನೀತಿ ಹೆಂಗಸರ ಜೈಲಿಗೂ ಬಂದು ಕೂತಿತು. ಅದೇ ಹೊತ್ತಿಗೆ ಹೆಂಗಸರ ಜೈಲುಗಳಲ್ಲಿ ಏನಾಗುತ್ತಿತ್ತು? 2002ರ ಆಗಸ್ಟ್‌ನಿಂದ 12 ತಿಂಗಳಲ್ಲಿ ಚೆಷೈರ್‌ನ ಸ್ಟೈಲ್ ಎಂಬ ಒಂದೇ ಜೈಲಿನಲ್ಲಿ ಆರು ಮಂದಿ ಹೆಂಗಸರು ಸತ್ತರು. ಅದರ ನಂತರ ಜೀನ್ ಕಾರ್ಸ್ಟನ್ ವರದಿ ಬಂತು, 2007ರಲ್ಲಿ. ಅದರ ತುಂಬ ಇದ್ದದ್ದು ಬಾಲ್ಯದ ದೌರ್ಜನ್ಯ, ಮನೆಯೊಳಗಿನ ಹಿಂಸೆ, ಡ್ರಗ್ಸ್, ತಮ್ಮನ್ನು ತಾವೇ ಕೊಯ್ದುಕೊಳ್ಳುವ ಹೆಂಗಸರು. ಬೇರೆಯವರಿಗೆ ಅಪಾಯವಾಗಿದ್ದವರಿಗಿಂತ ತಮಗೆ ತಾವೇ ಅಪಾಯವಾಗಿದ್ದವರು ಎಷ್ಟೋ ಹೆಚ್ಚು.

ಇನ್ನೊಂದು ವಿಷಯ ನಮ್ಮಲ್ಲಿ ಅಷ್ಟು ಚರ್ಚೆಯಾಗಲ್ಲ. ಜೈಲಿನಲ್ಲಿ ಸಾಮಾನ್ಯವಾಗಿ ಬಿಡುಗಡೆಗೆ ಒಂದು ದಿನಾಂಕ ಇರುತ್ತೆ, ಆಸ್ಪತ್ರೆಯಲ್ಲಿ ಇರಲ್ಲ. ಇಂಗ್ಲೆಂಡಿನ ಕಾನೂನಿನಲ್ಲಿ ಶಿಕ್ಷೆಯ ಅವಧಿ ಮುಗಿಯುತ್ತ ಬಂದ ಕೈದಿಯನ್ನು ಸೆಕ್ಯೂರ್ ಆಸ್ಪತ್ರೆಗೆ ವರ್ಗಾಯಿಸಬಹುದು. ಆಮೇಲೆ ಎಷ್ಟು ದಿನ ಅನ್ನುವುದು ವೈದ್ಯರ ಮತ್ತು ಟ್ರಿಬ್ಯುನಲ್‌ನ ಕೈಯಲ್ಲಿ. ಹೆಂಗಸರಿಗೆ ಇಡೀ ಇಂಗ್ಲೆಂಡಿನಲ್ಲಿ ಹೈ-ಸೆಕ್ಯೂರಿಟಿ ಆಸ್ಪತ್ರೆ ಅಂತ ಉಳಿದಿರುವುದು ನಾಟಿಂಗ್‌ಹ್ಯಾಮ್‌ಶೈರ್‌ನ ರಾಂಪ್ಟನ್ ಒಂದೇ. ಮಕ್ಕಳಿರುವ ಊರು ದಕ್ಷಿಣದ ತುದಿಯಲ್ಲಿದ್ದರೂ ಅವಳು ಅಲ್ಲೇ ಇರಬೇಕು.

'ಸೈಕೋಪಾತ್‌ಗೆ ಚಿಕಿತ್ಸೆ ಕೊಟ್ಟರೆ ಇನ್ನೂ ಕೆಡ್ತಾರೆ' ಅನ್ನುವ ಮಾತನ್ನೂ ನೀವು ಯಾವುದೋ ಪಾಡ್‌ಕಾಸ್ಟ್‌ನಲ್ಲಿ ಕೇಳಿರ್ತೀರಿ. ಅದರ ಮೂಲಗಳಲ್ಲಿ ಮುಖ್ಯವಾದದ್ದು ಒಂಟಾರಿಯೋದ ಓಕ್ ರಿಡ್ಜ್ ಆಸ್ಪತ್ರೆಯ ಬಗ್ಗೆ 1992ರಲ್ಲಿ ಬಂದ ಅಧ್ಯಯನ. ಅಲ್ಲಿ ಚಿಕಿತ್ಸೆ ಪಡೆದ ಸೈಕೋಪಾತ್‌ಗಳು, ಪಡೆಯದವರಿಗಿಂತ ಹೆಚ್ಚು ಹಿಂಸಾತ್ಮಕ ಅಪರಾಧ ಮಾಡಿದ್ದರು. ಯಾವ ಚಿಕಿತ್ಸೆ ಅಂತ ಕೇಳಿದರೆ ತಲೆ ತಿರುಗುತ್ತೆ: 1960ರ ದಶಕದ ಕೊನೆಗೆ ಆ ಆಸ್ಪತ್ರೆಯಲ್ಲಿ ರೋಗಿಗಳನ್ನು ಬೆತ್ತಲೆಯಾಗಿ, ಎಲ್ಎಸ್‌ಡಿ ಕೊಟ್ಟು, ದಿನಗಟ್ಟಲೆ ಒಂದು ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. ಆ ರೋಗಿಗಳೆಲ್ಲ ಗಂಡಸರು. ಅಲ್ಲಿಂದ ಎದ್ದ ಒಂದು ವಾಕ್ಯ, 'ಇವರನ್ನು ಸುಧಾರಿಸಲು ಆಗಲ್ಲ' ಅನ್ನೋದು, ಅಂಥ ಕೋಣೆಯನ್ನು ಕಣ್ಣಲ್ಲೂ ಕಾಣದ ಹೆಂಗಸರ ಫೈಲಿಗೂ ಅಂಟಿಕೊಳ್ಳುತ್ತದೆ.

ಹಾಗಾದರೆ ಹೆಂಗಸರಲ್ಲಿ ಸೈಕೋಪಾತ್‌ಗಳೇ ಇಲ್ವಾ? ಇದ್ದಾರೆ. ಇದನ್ನು ಹೇಳದೆ ಹೋದರೆ ನಾನು ಅರ್ಧ ಸತ್ಯ ಹೇಳಿದ ಹಾಗಾಗುತ್ತೆ. ಹೆಣ್ಣು ಅಂದರೆ ಸದಾ ಬಲಿಪಶು ಅನ್ನುವುದೂ ಒಂದು ರೀತಿಯ ಕುರುಡೇ.

1991ರಲ್ಲಿ ಗ್ರಾಂಥಮ್ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸ್ ಬೆವರ್ಲಿ ಆಲಿಟ್ ನಾಲ್ಕು ಮಕ್ಕಳನ್ನು ಕೊಂದಳು. 13 ಜೀವಾವಧಿ ಶಿಕ್ಷೆಗಳಾದವು, ಅವಳನ್ನು ಇಟ್ಟಿದ್ದು ರಾಂಪ್ಟನ್‌ನಲ್ಲಿ. ನಮ್ಮಲ್ಲಿ ಎಲ್ಲರ ಬಾಯಲ್ಲೂ ಬರುವ ಹೆಸರು ಸೈನೈಡ್ ಮಲ್ಲಿಕಾ. ದೇವಸ್ಥಾನಕ್ಕೆ ಬರುತ್ತಿದ್ದ ಹೆಂಗಸರ ಕಷ್ಟ ಕೇಳಿಸಿಕೊಂಡು, ಪೂಜೆ ಮಾಡಿಸ್ತೀನಿ ಅಂತ ನಂಬಿಸಿ, ಸೈನೈಡ್ ಕುಡಿಸಿ ಒಡವೆ ದೋಚಿದವಳು. ಈ ಇಬ್ಬರಿಗೂ ಯಾವ ಡಯಾಗ್ನೋಸಿಸ್ ಅಂತ ನಾನು ಹೇಳುವವನಲ್ಲ. ಹೇಳಿದರೆ ಟಿವಿ ಪ್ಯಾನೆಲ್‌ನವರಿಗೂ ನನಗೂ ಏನು ವ್ಯತ್ಯಾಸ? ನಾನು ಗಮನಿಸುತ್ತಿರುವುದು ಅವರ ಆಯುಧವನ್ನು. ಒಬ್ಬಳದ್ದು ನರ್ಸಿನ ಯೂನಿಫಾರಂ, ಇನ್ನೊಬ್ಬಳದ್ದು ಭಕ್ತಿ. ಎರಡೂ ನಂಬಿಕೆಯ ವೇಷ. ಬಾಲ್ಯದಲ್ಲೇ ಪೊಲೀಸ್ ಕೇಸು, ಬೀದಿ ಜಗಳ, ಪರೋಲ್ ಉಲ್ಲಂಘನೆ, ಬಗೆಬಗೆಯ ಅಪರಾಧ ಅಂತ ಕೇಳುವ ಚೆಕ್‌ಲಿಸ್ಟಿನ ಸಾಲುಗಳಲ್ಲಿ, ಹಳೇ ರೆಕಾರ್ಡೇ ಇಲ್ಲದೆ ಮನೆಯೊಳಗೋ ವಾರ್ಡಿನೊಳಗೋ ಕೊಲ್ಲುವವರಿಗೆ ಸೊನ್ನೆ ಮೇಲೆ ಸೊನ್ನೆ ಬೀಳುತ್ತೆ.

ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿರುವ ವಾನ್ ಡೆರ್ ಹೂವೆನ್ ಫೊರೆನ್ಸಿಕ್ ಆಸ್ಪತ್ರೆಯ ವಿವಿಯೆನ್ ಡಿ ವೋಗೆಲ್ ಮತ್ತು ಅವರ ತಂಡ ಇದನ್ನೇ ಹಿಡಿದುಕೊಂಡು ಕೆಲಸ ಮಾಡಿತು. ಹಿಂಸೆಯ ಅಪಾಯ ಅಳೆಯಲು ಹೆಂಗಸರಿಗಾಗಿಯೇ ಪೂರಕ ಕೈಪಿಡಿಯೊಂದನ್ನು ತಂದರು; ಅದರಲ್ಲಿ ಹೆಂಗಸರಿಗೆ ಸೈಕೋಪತಿಯ ಗೆರೆಯನ್ನು 23ಕ್ಕೆ ಇಳಿಸುವ ಸಲಹೆಯಿದೆ. ಅವರ ವಾದ: ಹೆಂಗಸರಲ್ಲಿ ಇದು ಹೊಡೆದಾಟಕ್ಕಿಂತ ಹೆಚ್ಚಾಗಿ ಸಂಬಂಧಗಳ ಒಳಗೆ, ಮೋಸ ಮತ್ತು ಕೈವಾಡದ ರೂಪದಲ್ಲಿ ಕಾಣುತ್ತೆ, ಹಳೇ ಗೆರೆ ಅದನ್ನು ತಪ್ಪಿಸಿಕೊಳ್ಳುತ್ತೆ. ಆ ವಾದದಲ್ಲಿ ತೂಕವಿದೆ. ಆದರೆ ಗೆರೆ ಇಳಿಸಿದರೆ ಮೇಲಿನ ನನ್ನ ಲೆಕ್ಕದ 98 ಇನ್ನೂ ದೊಡ್ಡದಾಗುತ್ತೆ, ತಮ್ಮನ್ನು ತಾವೇ ಕೊಯ್ದುಕೊಳ್ಳುವವರೂ ಅದರೊಳಗೆ ಬರ್ತಾರೆ. ಇಲ್ಲಿ ನನಗೆ ಡಚ್ಚರ ಹಾದಿ ಪೂರ್ತಿ ಒಪ್ಪಿಗೆಯಿಲ್ಲ. ಮಾಪಕ ತಪ್ಪು ಜಾಗ ತೋರಿಸುತ್ತಿದ್ದರೆ ಮುಳ್ಳನ್ನು ಬೆರಳಿನಿಂದ ಸರಿಸಿ ಕೂರಿಸುವುದು ರಿಪೇರಿ ಅಲ್ಲ.

ತನ್ನನ್ನು ತಾನು ಕೊಯ್ದುಕೊಳ್ಳುವ, ಕ್ಷಣಕ್ಕೊಂದು ಭಾವದ, ಬಿಟ್ಟುಹೋಗ್ತಾರೆ ಅನ್ನುವ ಭಯದಲ್ಲೇ ಬದುಕುವ ಹೆಣ್ಣಿಗೆ ಮನೋವೈದ್ಯರು ಸಾಮಾನ್ಯವಾಗಿ ಹೇಳುವುದು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್. ಸೈಕೋಪಾತ್ ಅಂದರೆ ಭಾವನೆಯೇ ಒಣಗಿದವರು. ಬಾರ್ಡರ್‌ಲೈನ್ ಅಂದರೆ ಭಾವನೆ ಉಕ್ಕಿ ಹರಿಯುವವರು. ಎರಡೂ ಎದುರುಬದುರು. ಆದರೆ ಸಿಟ್ಟು, ದುಡುಕು, ಸುಳ್ಳು, ಮುರಿದ ಸಂಬಂಧಗಳು ಅಂತ ಹೊರಗಿನಿಂದ ಟಿಕ್ ಹಾಕುತ್ತ ಹೋದರೆ ಎರಡೂ ಒಂದೇ ಥರ ಕಾಣುತ್ತವೆ. ಫ್ಲೋರಿಡಾದಲ್ಲಿ 1989-90ರಲ್ಲಿ ಏಳು ಗಂಡಸರನ್ನು ಕೊಂದ ಐಲೀನ್ ವುವೋರ್ನೋಸ್ ವಿಷಯದಲ್ಲಿ ಆದದ್ದು ಇದೇ. ವಿಚಾರಣೆಯಲ್ಲಿ ಡಿಫೆನ್ಸ್ ತಜ್ಞರು ಬಾರ್ಡರ್‌ಲೈನ್ ಅಂದರು. 2002ರಲ್ಲಿ ಆಕೆಯನ್ನು ಗಲ್ಲಿಗೆ ಬದಲು ಇಂಜೆಕ್ಷನ್ ಕೊಟ್ಟು ಕೊಂದಾದ ಮೇಲೆ, 2005ರಲ್ಲಿ ಬಂದ ಒಂದು ಪ್ರಬಂಧ ಆಕೆಗೆ ಪಿಸಿಎಲ್-ಆರ್‌ನಲ್ಲಿ 32 ಅಂಕ ಕೊಟ್ಟಿತು.

ಅಂಕ ಕೊಡುವವರ ಬಗ್ಗೆಯೂ ಒಂದು ಮಾತು. 2013ರಲ್ಲಿ ಅಮೆರಿಕದ ಸಂಶೋಧಕರು ನೂರಕ್ಕೂ ಹೆಚ್ಚು ಫೊರೆನ್ಸಿಕ್ ತಜ್ಞರಿಗೆ ಒಂದೇ ಫೈಲುಗಳನ್ನು ಕೊಟ್ಟರು. ನೀವು ಪ್ರಾಸಿಕ್ಯೂಷನ್ ಕಡೆ ಅಂತ ಅರ್ಧ ಮಂದಿಗೆ, ಡಿಫೆನ್ಸ್ ಕಡೆ ಅಂತ ಇನ್ನರ್ಧ ಮಂದಿಗೆ ಹೇಳಿದರು. ಪ್ರಾಸಿಕ್ಯೂಷನ್ ಕಡೆ ಅಂದುಕೊಂಡವರು ಅದೇ ಮನುಷ್ಯನಿಗೆ ಸರಾಸರಿ ಹೆಚ್ಚು ಸೈಕೋಪತಿ ಅಂಕ ಕೊಟ್ಟರು.

ಚೆಕ್‌ಲಿಸ್ಟ್ ಹುಟ್ಟಿದ ಕೆನಡಾದಲ್ಲೇ ಒಂದು ಮುಖ್ಯ ತೀರ್ಪು ಬಂದಿದೆ. ಜೆಫ್ರಿ ಎವರ್ಟ್ ಅನ್ನುವ ಮೇಟಿ ಸಮುದಾಯದ ಕೈದಿ, ಪಿಸಿಎಲ್-ಆರ್ ಸೇರಿದಂತೆ ಐದು ಮಾಪಕಗಳು ತನ್ನಂಥ ಮೂಲನಿವಾಸಿಗಳಿಗೆ ಸರಿಹೊಂದುತ್ತವೆಯಾ ಅಂತ ಯಾರೂ ಪರೀಕ್ಷಿಸಿಲ್ಲ ಅಂತ ಕೋರ್ಟಿಗೆ ಹೋದ. 2018ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಮಾಪಕ ನಿಖರವಾಗಿದೆ ಅಂತ ಖಚಿತಪಡಿಸಿಕೊಳ್ಳುವ ಕಾನೂನುಬದ್ಧ ಹೊಣೆಯಲ್ಲಿ ಜೈಲು ಇಲಾಖೆ ಎಡವಿದೆ ಅಂತ ಹೇಳಿತು. ಮಾಪಕಗಳು ಸುಳ್ಳು ಅಂತ ಕೋರ್ಟು ಹೇಳಲಿಲ್ಲ. ಯಾರ ಮೇಲೆ ಬಳಸುತ್ತೀರೋ ಅವರ ಮೇಲೆ ಕ್ಯಾಲಿಬ್ರೇಟ್ ಮಾಡಿದ್ದೀರಾ ಅಂತ ಕೇಳಿತು. ಕೆನಡಾದ ಫೆಡರಲ್ ಜೈಲುಗಳಲ್ಲಿರುವ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮೂಲನಿವಾಸಿಗಳು ಅನ್ನುವುದನ್ನು ಇದರ ಪಕ್ಕ ಇಟ್ಟು ಓದಿ.

ಈಗ ನಮ್ಮ ಮನೆಗೆ ಬರೋಣ. 2022ರ ಮೇ ತಿಂಗಳಲ್ಲಿ ಮನೋಜ್ ವರ್ಸಸ್ ಮಧ್ಯಪ್ರದೇಶ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್, ಮರಣದಂಡನೆಯ ಪ್ರಶ್ನೆ ಇರುವ ಕಡೆ ಆರೋಪಿಯ ಮನೋವೈದ್ಯಕೀಯ ಮೌಲ್ಯಮಾಪನ ವರದಿ, ಜೈಲಿನ ನಡತೆಯ ವರದಿ ತರಿಸಿಕೊಳ್ಳಬೇಕು ಅಂತ ಹೇಳಿತು. ಉದ್ದೇಶ ದಯೆಯದ್ದು: ಕೊಲ್ಲುವ ಮೊದಲು ಈ ಮನುಷ್ಯ ಯಾರು ಅಂತ ತಿಳಿದುಕೊಳ್ಳಿ ಅನ್ನೋದು. ನಾನು ಆ ತೀರ್ಪನ್ನು ಮೆಚ್ಚುವವರ ಪೈಕಿ. ಆದರೆ 1980ರ ಬಚನ್ ಸಿಂಗ್ ತೀರ್ಪಿನಿಂದಲೂ ಗಲ್ಲಿನ ಪ್ರಶ್ನೆ ನಿಂತಿರುವ ಕಂಬಗಳಲ್ಲಿ ಒಂದು, ಅಪರಾಧಿ ಸುಧಾರಿಸಬಹುದಾ ಇಲ್ವಾ ಅನ್ನೋದು. 'ಸೈಕೋಪಾತ್' ಅನ್ನುವ ಪದ ಅದೇ ಪ್ರಶ್ನೆಗೆ ಒಂದೇ ಪದದ ಉತ್ತರ, ಓಕ್ ರಿಡ್ಜ್‌ನಿಂದ ಸೀದಾ ಬಂದದ್ದು. ದಯೆಗೆ ತೆರೆದ ಬಾಗಿಲಿನಿಂದಲೇ ಅದು ಒಳಗೆ ಬರಬಹುದು.

ನಮ್ಮ ಜೈಲುಗಳಲ್ಲಿ 2022ರ ಕೊನೆಗೆ ಇದ್ದ ಹೆಂಗಸರು 23,772, ಒಟ್ಟು ಕೈದಿಗಳಲ್ಲಿ ಶೇ. 4ರಷ್ಟು. ನಿಮ್ಹಾನ್ಸ್ ತಂಡ ಪರಪ್ಪನ ಅಗ್ರಹಾರದಲ್ಲಿ 5,024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ಕೊಟ್ಟ ವರದಿಯಲ್ಲಿ, ಮಾದಕ ವ್ಯಸನವನ್ನು ಬದಿಗಿಟ್ಟರೂ ಶೇ. 27.6 ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಕಂಡಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಾದರೂ ಮಾನಸಿಕ ಆರೋಗ್ಯ ಘಟಕ ಇರಬೇಕು ಅನ್ನುತ್ತೆ. ಚಿಕಿತ್ಸೆಗೆ ಕಾದಿರುವವರ ಸಾಲು ಇಷ್ಟು ಉದ್ದ ಇರುವಾಗ ಅಪರೂಪದ ಸೈಕೋಪಾತ್‌ನ ಹುಡುಕಾಟ ಯಾರ ಆದ್ಯತೆ ಅಂತ ಕೇಳಬೇಕಾಗುತ್ತೆ.

ಇನ್ನು ಫೈಲಿನ ವಿಷಯ. ಗಂಡನ ಕೊಲೆ ಕೇಸಿನಲ್ಲಿ ನಮ್ಮ ಪೊಲೀಸ್ ಫೈಲುಗಳನ್ನು ತಿರುವಿದವರಿಗೆ, ಅಥವಾ ಬರೀ ಪತ್ರಿಕೆಯ ಕ್ರೈಂ ಪುಟ ಓದಿದವರಿಗೂ, ಎರಡು ಪದ ಬಾಯಿಪಾಠವಾಗಿರುತ್ತೆ: 'ಅನೈತಿಕ ಸಂಬಂಧ'. ಆಮೇಲೆ ಅಕ್ಕಪಕ್ಕದವರ ಹೇಳಿಕೆ, 'ಆಕೆಯ ನಡತೆ ಸರಿ ಇರಲಿಲ್ಲ'. ಅತ್ತೆಯ ಹೇಳಿಕೆ, 'ಮನೆಕೆಲಸ ಮಾಡುತ್ತಿರಲಿಲ್ಲ, ಗಂಡನ ದುಡ್ಡು ಹಾಳು ಮಾಡುತ್ತಿದ್ದಳು'. 'ಬಂಧಿಸಿದಾಗ ಆರೋಪಿಯ ಮುಖದಲ್ಲಿ ಪಶ್ಚಾತ್ತಾಪ ಕಾಣಲಿಲ್ಲ'. ಇವಿಷ್ಟನ್ನೂ ಒಬ್ಬ ಪ್ರಾಮಾಣಿಕ ತಜ್ಞರ ಮುಂದೆ ಇಡಿ. ಲೈಂಗಿಕ ನಡತೆ, 2. ಇನ್ನೊಬ್ಬರ ದುಡಿಮೆ ಮೇಲೆ ಬದುಕು, 2. ಬೇಜವಾಬ್ದಾರಿ, 2. ಪಶ್ಚಾತ್ತಾಪ ಇಲ್ಲ, 2. ಆಕೆಯ ಜೊತೆ ಮಾತು ಶುರುವಾಗುವ ಮೊದಲೇ ಎಂಟು ಅಂಕ ಆಯ್ತು.

ಕರ್ನಾಟಕದ ಯಾವುದೋ ಸೆಷನ್ಸ್ ಕೋರ್ಟಿನಲ್ಲಿ ಇಂಥ ವರದಿ ಮೇಜಿನ ಮೇಲೆ ಬಂದ ದಿನ, ಲೀಗಲ್ ಏಡ್‌ನಿಂದ ಬಂದ ಯುವ ವಕೀಲೆಯ ಕೈಯಲ್ಲಿ ಈ ಪ್ರಶ್ನೆಗಳಾದರೂ ಇರಲಿ: ಯಾವ ಮಾಪಕ ಬಳಸಿದ್ದೀರಿ, ಕನ್ನಡ ಮಾತಾಡುವ ಎಷ್ಟು ಹೆಂಗಸರ ಮೇಲೆ ಅದನ್ನು ಪರೀಕ್ಷಿಸಲಾಗಿದೆ, ಸಂದರ್ಶನ ಯಾವ ಭಾಷೆಯಲ್ಲಿ ಎಷ್ಟು ಹೊತ್ತು ನಡೆಯಿತು, ಯಾವ ಸಾಲಿಗೆ ಯಾವ ಹೇಳಿಕೆ ನೋಡಿ ಅಂಕ ಕೊಟ್ಟಿರಿ, ಗೆರೆ 30ಕ್ಕೆ ಎಳೆದಿರೋ 25ಕ್ಕೋ 23ಕ್ಕೋ, ಮತ್ತು ನಿಮ್ಮನ್ನು ಕರೆಸಿದ್ದು ಯಾವ ಕಡೆಯವರು.